ಅಣ್ಣ ಒರೆಸಿಹಾಕಿದ್ದ ಸಂಖ್ಯೆ

ಅಣ್ಣ ತೀರಿಕೊಂಡ ಹದಿನೇಳನೆಯ ದಿನ ತಂಗಿ ಅವನ ಬ್ಯಾಗನ್ನೇ ಹೆಗಲಿಗೇರಿಸಿಕೊಂಡು ಬಣ್ಣದ ಕಾರ್ಖಾನೆಗೆ ಹೋದಳು. ಕಂಪ್ಯೂಟರ್ ರಿಪೇರಿ ಅಂಗಡಿಯನ್ನು ಇಬ್ಬರೂ ಸೇರಿ ನಡೆಸುತ್ತಿದ್ದರು. ಫೋನು ಬಂತು, ಹೊರಟಳು, ಅಷ್ಟೇ. ಅಳು ಬರುತ್ತಿರಲಿಲ್ಲ, ಹಸಿವೂ ಅಷ್ಟಕ್ಕಷ್ಟೇ.

ಬಣ್ಣ ಬೆರೆಸುವ ಯಂತ್ರದ ಕಂಪ್ಯೂಟರ್ ಏಳುತ್ತಿರಲಿಲ್ಲ. ಅದನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಂ, ಬೂಟ್‌ಲೋಡರ್, ಒಂಬತ್ತು ವರ್ಷದ ಹಿಂದೆ ಅಣ್ಣ ಬರೆದದ್ದು. ಅವನು ಬರೆದವುಗಳಲ್ಲಿ ಇನ್ನೂ ಕೆಲಸದಲ್ಲಿದ್ದದ್ದು ಅದೊಂದೇ.

"ನಾಲ್ಕು ಗಂಟೆವರೆಗೆ ಕಾಯ್ತೀನಿ ಕಣಮ್ಮ," ಎಂದರು ಮೇಸ್ತ್ರಿ. "ಆಮೇಲೆ ಇದು ಗುಜರಿಗೆ, ಹೊಸದಕ್ಕೆ ಆರ್ಡರ್. ನಿಮ್ಮಣ್ಣ ಇದ್ದಿದ್ರೆ ಒಂದು ಏಟು ಕೊಟ್ಟೇ ಎಬ್ಬಿಸ್ತಿದ್ದ."

"ಏಟು ನೀವು ಕೊಡಿ ಮೇಸ್ತ್ರಿ, ನಾನು ಓದಿ ನೋಡ್ತೀನಿ."

ಬೋರ್ಡಿಗೆ ಬೆಸುಗೆ ಹಾಕಿದ್ದ, ಕೀಳಲಾಗದ ಹಳೆಯ ಡಿಸ್ಕ್ ಸವೆದುಹೋಗಿತ್ತು. ಅಂಗಡಿಯಿಂದ ತಂದಿದ್ದ ಅದರ ಪ್ರತಿಯನ್ನು ಹೊಸ ಡಿಸ್ಕಿಗೆ ತುಂಬಿ, ಅದನ್ನು ಎರಡನೆಯದಾಗಿ ಜೋಡಿಸಿ, ಅದರಿಂದ ಶುರುಮಾಡಿದಳು. ಪರದೆಯಲ್ಲಿ ಒಂದು ಸಾಲು ಮೂಡಿತು. ಅಲ್ಲಿಗೇ ನಿಂತಿತು.

ಹೊಸ ಡಿಸ್ಕಿನಿಂದ ಎದ್ದ ಪ್ರೋಗ್ರಾಂ, ಉಳಿದದ್ದನ್ನು ಓದಲು ಹಳೆಯದರ ಬಳಿಗೇ ಹೋಗುತ್ತಿತ್ತು. ತಾನು ಯಾವ ಡಿಸ್ಕಿನಿಂದ ಬಂದೆ ಎಂಬುದು ಬೂಟ್‌ಲೋಡರಿಗೆ ತಾನಾಗಿ ತಿಳಿಯದು. ಕಂಪ್ಯೂಟರ್ ಅದನ್ನು ಕರೆತಂದು ಬಿಡುವಾಗ ಆ ಡಿಸ್ಕಿನ ಸಂಖ್ಯೆಯನ್ನು ಪ್ರೊಸೆಸರಿನ ಡಿಎಲ್ ಎಂಬ ಗೂಡಿನಲ್ಲಿ ಇಟ್ಟಿರುತ್ತದೆ. ಒಂದೇ ಸಲ. ಬೇರೆ ಕೆಲಸಕ್ಕೆ ಕೈಹಾಕುವ ಮೊದಲು ಅದನ್ನು ಎತ್ತಿಟ್ಟುಕೊಳ್ಳಬೇಕು. ಕಳೆದುಕೊಂಡರೆ ಆಮೇಲೆ ಯಾರನ್ನೂ ಕೇಳುವಂತಿಲ್ಲ.

ಅಣ್ಣನ ಮೊದಲ ನಾಲ್ಕು ಸಾಲುಗಳು ಎಲ್ಲ ಗೂಡುಗಳನ್ನೂ ಸೊನ್ನೆ ಮಾಡುತ್ತಿದ್ದವು. ಕೂರುವ ಮುಂಚೆ ಮೇಜು ಒರೆಸುತ್ತಿದ್ದವನು ಇಲ್ಲೂ ಒರೆಸಿದ್ದ; ಡಿಎಲ್‌ನಲ್ಲಿದ್ದ ಸಂಖ್ಯೆಯೂ ಅದರೊಂದಿಗೇ ಹೋಗಿತ್ತು. ಐದನೆಯ ಸಾಲಿನಲ್ಲಿ ಮೊದಲ ಡಿಸ್ಕಿನ ಸಂಖ್ಯೆಯನ್ನು ತಾನೇ ಬರೆದುಬಿಟ್ಟಿದ್ದ. ಇದ್ದದ್ದೇ ಒಂದು ಡಿಸ್ಕ್, ಹಾಗಾಗಿ ಒಂಬತ್ತು ವರ್ಷ ತಪ್ಪು ಬಯಲಾಗಲಿಲ್ಲ.

"ಥೂ ಅಣ್ಣಾ," ಎಂದಳು ಮೆಲ್ಲಗೆ. ದನಿ ಬೇರೆ ಯಾರದೋ ಅನ್ನಿಸಿತು.

ಒರೆಸುವುದಕ್ಕೆ ಮೊದಲೇ ಸಂಖ್ಯೆಯನ್ನು ಎತ್ತಿಡುವ ಸಾಲೊಂದನ್ನು ಸೇರಿಸಿದಳು. ಅವನು ಬರೆದಿಟ್ಟಿದ್ದ ಸಂಖ್ಯೆಯ ಜಾಗದಲ್ಲಿ ಅದನ್ನೇ ಬಳಸಿದಳು. ಉಳಿದದ್ದನ್ನು ಮುಟ್ಟಲಿಲ್ಲ.

ಮೂರೂವರೆಗೆ ಯಂತ್ರ ಎದ್ದಿತು. ಕೊಳವೆಯಿಂದ ನೀಲಿ ಬಣ್ಣ ಇಳಿಯತೊಡಗಿತು. ಮೇಸ್ತ್ರಿ ಬೆರಳು ಅದ್ದಿ, ಬೆಳಕಿಗೆ ಹಿಡಿದು ನೋಡಿದರು.

"ಗುಜರಿಯವನಿಗೆ ಬರಬೇಡ ಅಂತೀನಿ. ನಿಮ್ಮಣ್ಣಂದು ಗಟ್ಟಿ ಕೆಲಸ ಕಣಮ್ಮ, ಒಂದು ತಪ್ಪು ಹುಡುಕೋಕಾಗಲ್ಲ. ಏನಾಗಿತ್ತು ಇದಕ್ಕೆ?"

ಅವಳು ಸ್ಕ್ರೂ ಬಿಗಿಯುತ್ತಿದ್ದಳು. ತಲೆ ಎತ್ತಲಿಲ್ಲ.

"ಡಿಸ್ಕ್ ಸವೆದಿತ್ತು ಮೇಸ್ತ್ರಿ," ಎಂದಳು. "ಅಷ್ಟೇ."