ಕರಿಮೂಗಿನ ಭತ್ತಕ್ಕೆ ಬರೆಸಿದ ಹೆಸರು

ನನ್ನ ಅಕ್ಷರ ಸೊಟ್ಟಗಿದೆ, ಶಬ್ದಗಳೂ ಸಾಲವು; ಓದುವವರು ಕ್ಷಮಿಸಬೇಕು. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವಳು ನಾನು. ಕಾನಸೂರಿನಲ್ಲಿ ನಮ್ಮ ಪಕ್ಕದ ಮನೆಯ ದುರ್ಗಮ್ಮ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದಿದ್ದೇನೆ.

ದುರ್ಗಮ್ಮನ ಗದ್ದೆಯ ಭತ್ತಕ್ಕೆ ಕರಿಮೂಗು ಎಂದು ಹೆಸರು. ಕಾಳಿನ ತುದಿ ಮಸಿ ಹಚ್ಚಿದಷ್ಟು ಕಪ್ಪು. ವಾರಗಟ್ಟಲೆ ನೀರು ನಿಂತರೂ ಪೈರು ಕೊಳೆಯುವುದಿಲ್ಲ. ಅದನ್ನು ಮೊದಲು ಕಂಡವಳು ಅವಳ ನಾದಿನಿ ಹೊನ್ನಿ, ಯಲ್ಲಾಪುರದ ಗಂಡನ ಮನೆ ಬಿಟ್ಟು ಬಂದವಳು. ನೆರೆಗೆ ಕೊಳೆತ ಗದ್ದೆಯಲ್ಲಿ ಉಳಿದಿದ್ದ ಒಂದೇ ಬುಡದಿಂದ ಕದಿರು ಚಿವುಟಿ ತಂದು, ಒಂಬತ್ತು ವರ್ಷ ಬಿತ್ತಿ, ಆರಿಸಿ, ಮತ್ತೆ ಬಿತ್ತಿದಳು.

"ಗಂಡನ್ನ ಸಾಕೂಕಾಗ್ಲಿಲ್ಲ, ಭತ್ತ ಸಾಕ್ತಾಳಂತೆ," ಎಂದು ದುರ್ಗಮ್ಮ ಆಡಿಕೊಳ್ಳುತ್ತಿದ್ದಳು.

"ನಗು ಅತ್ತಿಗೆ. ಉಣ್ಣೂಕೆ ಮೊದ್ಲು ನೀನೇ ಬರ್ತಿ."

ಹೊನ್ನಿ ಜ್ವರದಲ್ಲಿ ತೀರಿಕೊಂಡ ಮೇಲೆ ಬೀಜದ ಭತ್ತವನ್ನು ಹುಲ್ಲಿನಲ್ಲಿ ಸುತ್ತಿ ಮುಡಿ ಕಟ್ಟುವ ಕೆಲಸ ದುರ್ಗಮ್ಮನದಾಯಿತು. ಆ ಮನೆಯಲ್ಲಿ ಮುಡಿ ಕಟ್ಟುವವಳೇ ಬೀಜದ ಯಜಮಾನಿ. ಹಾಗಾಗಿ ಹೋದ ವರ್ಷ ರೈತರ ತಳಿ ನೋಂದಣಿಗೆ ಬಂದ ಅಧಿಕಾರಿ "ತಳಿ ಯಾರದ್ದಮ್ಮ?" ಎಂದಾಗ "ನಂದೇ" ಎಂದಳು.

"ಎಷ್ಟು ವರ್ಷ ಆರಿಸಿದ್ರಿ?"

"ಒಂಬತ್ತು."

ಬಾಯಿಂದ ಬಿದ್ದ ಮೇಲೆಯೇ ಅದು ಯಾರ ಒಂಬತ್ತು ವರ್ಷ ಎಂದು ಅವಳಿಗೆ ಹೊಳೆದದ್ದು. ಅಷ್ಟರಲ್ಲಿ, ಪಕ್ಕದಲ್ಲಿ ಕೂತು ಅರ್ಜಿ ತುಂಬುತ್ತಿದ್ದ ನಾನು ಅವಳ ಹೆಸರು ಬರೆದಾಗಿತ್ತು.

ಈ ವರ್ಷ ಕದಿರು ಬಲಿಯುತ್ತಿದ್ದಂತೆ ಶುರುವಾಯಿತು. ನಡು ಮಧ್ಯಾಹ್ನ, ಅವಳಿಗಿಂತ ನಾಲ್ಕು ಹೆಜ್ಜೆ ಮುಂದೆ, ಉಗುರಿನಿಂದ ಕದಿರು ಚಿವುಟುವ ಸದ್ದು. ನಿಂತರೆ ಅದೂ ನಿಲ್ಲುತ್ತದೆ. ಹೋಗಿ ನೋಡಿದರೆ ಕಡ್ಡಿಯ ತುದಿ ಇನ್ನೂ ಹಸಿ. ಮಂಗ ಎಂದುಕೊಂಡಳು. ಮಂಗ ತಿಂದಿದ್ದರೆ ಕೆಳಗೆ ಹೊಟ್ಟಾದರೂ ಬೀಳಬೇಕಿತ್ತು, ಒಂದು ಚೂರೂ ಇರಲಿಲ್ಲ. ಹೋದವೆಲ್ಲ ಬೀಜಕ್ಕೆಂದು ಅವಳು ಕಣ್ಣಿಟ್ಟಿದ್ದ ಕದಿರುಗಳೇ.

ಮೊನ್ನೆ ಆ ಅರ್ಜಿಯ ಪ್ರಕಟಣೆ ಬಂತು: ತಕರಾರಿದ್ದವರು ಮೂರು ತಿಂಗಳೊಳಗೆ ತಿಳಿಸಬೇಕು. ತಕರಾರು ಹೇಳಬೇಕಾದವಳು ಬದುಕಿಲ್ಲ.

"ನಾನೇ ಹೇಳ್ತೆ," ಎಂದಳು ದುರ್ಗಮ್ಮ.

ಮಗ ಪ್ರಮೋದ ರೇಗಿದ. "ನಿನ್ನ ಅರ್ಜಿಗೆ ನೀನೇ ತಕರಾರಾ ಅವ್ವಾ? ಅರ್ಜಿ ವಾಪಸ್ ಬಂದ್ರೆ ಯಾವ್ದೋ ಕಂಪನಿ ಬಂದು ತಳಿ ತನ್ದು ಅಂತದೆ. ಸತ್ತವ್ರಿಗೆ ಎಂತ ಹಕ್ಕು?"

"ಅವ್ಳು ಸತ್ತವ್ರ ಹಂಗೆ ಸುಮ್ನಿದ್ರೆ ನಾನೂ ಸುಮ್ನಿರ್ತಿದ್ದೆ ಮಗಾ."

ನಾಳೆ ಬೆಳಗಿನ ಬಸ್ಸಿಗೆ ನಾನು ದುರ್ಗಮ್ಮನ ಜೊತೆ ಶಿರಸಿಯ ಕಚೇರಿಗೆ ಹೋಗಿ, ಅರ್ಜಿಯಲ್ಲಿ ತಳಿ ಮಾಡಿದವಳು ಹೊನ್ನಿ, ಉಳಿಸಿದವಳು ದುರ್ಗಮ್ಮ ಎಂದು ತಿದ್ದಿಸಿ ಬರುತ್ತೇನೆ.