ಮೊದಲ ವೀಳ್ಯ

ಚಾವೂಸ್ ಚಾಚಾರ ಸೊಂಟದಲ್ಲಿ ಸದಾ ಒಂದು ಬಾಗಿದ ಕಠಾರಿ ಇರುತ್ತಿತ್ತು. ಒಮ್ಮೆ ಕಲ್ಲಂಗಡಿ ಕೊಯ್ಯಲು ಎಳೆದರೆ ಬೆಳ್ಳಿಯ ಹಿಡಿಯಷ್ಟೇ ಕೈಗೆ ಬಂತು. ತುಕ್ಕು ಹಿಡಿದ ಅಲಗು ಒರೆಯಲ್ಲೇ ಉಳಿಯಿತು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. "ಇದು ಹೆದರಸಾಕ ಅದ, ಕೊಯ್ಯಾಕಲ್ಲ" ಎಂದು ಹಿಡಿಯನ್ನು ಮತ್ತೆ ಸಿಕ್ಕಿಸಿ, ಹಣ್ಣನ್ನು ಕಲ್ಲಿಗೆ ಬಡಿದು ಒಡೆದುಕೊಟ್ಟರು.

ಆಳಂದದ ನಮ್ಮ ಓಣಿಯ ಹತ್ತಿ ಕಾರ್ಖಾನೆಗೆ ಅವರು ಕಾವಲುಗಾರ. ಅರಬ್ಬರನ್ನು ನಮ್ಮ ಕಡೆ ಚಾವೂಸ್ ಎನ್ನುತ್ತಾರೆ. ನನಗೆ ಅವರು ಚಾವೂಸ್ ಚಾಚಾ. ನಿಜಾಮರ ಫೌಜು ಸೇರಲು ಹಡಗು ಹತ್ತಿ ಬಂದವರು ಅವರ ಅಜ್ಜ. ಇವರು ಹುಟ್ಟಿದ್ದು ನಮ್ಮ ಓಣಿಯಲ್ಲೇ; ಹೊಕ್ಕುಳಬಳ್ಳಿ ಕೊಯ್ದವಳು ನನ್ನ ಅಜ್ಜಿ. ಸಮುದ್ರವನ್ನು ಕಣ್ಣಾರೆ ಕಂಡವರಲ್ಲ. ಹೆಂಡತಿ ತೀರಿಹೋಗಿದ್ದಳು, ಮಕ್ಕಳಿರಲಿಲ್ಲ.

ಓಣಿಯಲ್ಲಿ ಎಲ್ಲರೂ ಎಲ್ಲಿಂದಲೋ ಬಂದವರೇ. ತೆಲುಗು ನೇಕಾರರು, ಸೊಲ್ಲಾಪುರದ ಕಡೆಯ ಮರಾಠಿಗರು, ಬಟ್ಟೆ ಅಂಗಡಿಯ ಮಾರವಾಡಿ ಸೇಠ. ಹಾಗಾಗಿ ಒಂದು ರೂಢಿ ಬೆಳೆದಿತ್ತು: ಯಾರ ಮನೆಯ ಮದುವೆಯಾದರೂ ಮೊದಲ ವೀಳ್ಯ ಎಲ್ಲರಿಗಿಂತ ದೂರದ ಮೂಲದವರಿಗೆ. ಸೇಠ ಪ್ರತಿ ಸಲವೂ ತಕರಾರು ತೆಗೆಯುತ್ತಿದ್ದರು.

"ನಿಮ್ಮೂರಿಗಿ ರೈಲು ಹೋಗತದ ಸೇಠಜಿ. ನಮ್ಮೂರಿಗಿ ಜಹಾಜ ಬೇಕ್ರಿ" ಎನ್ನುತ್ತ ಚಾಚಾ ಕೈ ಚಾಚುತ್ತಿದ್ದರು. ತಿಂಗಳ ಸಂಬಳದಲ್ಲಿ ಸಿಗದ ಮರ್ಯಾದೆ ಆ ಎರಡು ಎಲೆಗಳಲ್ಲಿ ಅವರಿಗೆ ಸಿಗುತ್ತಿತ್ತು.

ನಿಜಾಮರ ಆಳಿಕೆಯ ಕೊನೆಯ ದಿನಗಳಲ್ಲಿ ಊರೂರಲ್ಲೂ ಲೂಟಿ ನಡೆಯಿತು. ನಮ್ಮ ಓಣಿಗೂ ನಿಜಾಮರ ಪರವಾದ ಗುಂಪೊಂದು ಬಂತು. ಚಾಚಾ ಓಣಿಯ ಬಾಯಲ್ಲಿ ನಿಂತು ಕಠಾರಿಯ ಹಿಡಿಯ ಮೇಲೆ ಕೈಯಿಟ್ಟರು.

"ನೀ ನಮ್ಮವ, ಸರಿ ಆಕಡಿ" ಎಂದರು ಬಂದವರು.

"ನಾ ಈ ಓಣಿಯಾಂವ" ಎಂದರು ಚಾಚಾ. ಗುಂಪು ಗೊಣಗುತ್ತ ಹಿಂದಿರುಗಿತು. ಅಲಗು ಹೊರಬರುವುದಿಲ್ಲವೆಂದು ಅವರಿಗೇನು ಗೊತ್ತು!

ಭಾರತದ ಸೈನ್ಯ ಬಂದು ಆಳಿಕೆ ಬದಲಾಯಿತು. ನಾನಾಗ ಹೊಸದಾಗಿ ಶಾಲೆ ಸೇರಿದ್ದ ಮಾಸ್ತರ. ಓಣಿಯವರ ಪಟ್ಟಿ ಮಾಡುವ ಕೆಲಸ ನನ್ನ ತಲೆಗೆ ಬಿತ್ತು: ಹೆಸರು, ಕಸುಬು, ಮೂಲ. ಯಾಕೆಂದು ಅಧಿಕಾರಿ ಹೇಳಲಿಲ್ಲ, ನಾನೂ ಕೇಳಲಿಲ್ಲ.

"ಆಳಂದ ಅಂತ ಬರೀಲೇನ್ರಿ ಚಾಚಾ?"

ಅವರ ಮುಖ ಗಂಟಾಯಿತು. "ಸೇಠ ಏನ ಬರಸ್ಯಾನ?"

"ಮಾರವಾಡ."

"ಹಂಗಾದ್ರ ನಂದು ಅರಬಸ್ತಾನ ಅಂತ ಬರಿ. ದಪ್ಪ ಅಕ್ಷರದಾಗ ಬರಿ, ಬೇಟಾ."

ಬರೆದೆ. ಎಂಟು ದಿನಕ್ಕೆ ಲಾರಿ ಬಂತು. ಹೊರದೇಶದವರನ್ನೆಲ್ಲ ಹಡಗು ಹತ್ತಿಸಿ ಕಳಿಸಬೇಕೆಂದು ಹುಕುಂ ಆಗಿತ್ತಂತೆ. ನಾನೂ ಸೇಠರೂ ಸೈನ್ಯದ ಛಾವಣಿಗೆ ಓಡಿದೆವು. ಅವರು ಹುಟ್ಟಿದ್ದು ಇಲ್ಲೇ, ಇದು ಬರೀ ವೀಳ್ಯದ ಹಟ ಎಂದು ಬಾಯಿ ಬಡಿದುಕೊಂಡೆ. ಅಧಿಕಾರಿ ಹಾಳೆಯನ್ನು ನನ್ನ ಕಡೆ ತಿರುಗಿಸಿ, ಇದು ಯಾರ ಕೈಬರಹ ಎಂದು ಕೇಳಿದ. ನನ್ನದು ಎಂದೆ.

ಸೇಠರು ಪೇಟ ತೆಗೆದು ಮೇಜಿನ ಮೇಲಿಟ್ಟರು. "ಎಲ್ಲಾರಕಿಂತ ದೂರದಾಂವ ನಾನs ಸಾಹೇಬ್ರ. ಅಂವ ಇಲ್ಲೀಯಾಂವ ಅದಾನ್ರಿ" ಎಂದು ಅತ್ತರು. ಬರೆದದ್ದು ಬದಲಾಗಲಿಲ್ಲ.

ಲಾರಿಯ ಮೇಲಿಂದ ಚಾಚಾ ನನ್ನನ್ನು ಬೈಯಲಿಲ್ಲ. "ಕಾರ್ಖಾನಿ ಚಾವಿ ಗೂಟಕ್ಕ ಅದ, ಮುನೀಮಗ ಹೇಳು" ಎಂದರು, ಅಷ್ಟೇ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ವರ್ಷದ ಮೇಲೆ ಅರಬಸ್ತಾನದಿಂದ ಚಾಚಾರ ಒಂದು ಕಾಗದ ಬಂತು, ಯಾರಿಂದಲೋ ಉರ್ದುವಿನಲ್ಲಿ ಬರೆಸಿದ್ದು. ಓದುವಾಗ ನನಗೆ ಅವರ ಕನ್ನಡವೇ ಕೇಳಿಸಿತು: "ಇಲ್ಲಿ ಮಂದಿ ನನಗ ಹಿಂದುಸ್ತಾನಿ ಅಂತಾರ. ಇವರ ಮಾತು ತಿಳಿಯಂಗಿಲ್ಲ. ಎಲ್ಲಾರಕಿಂತ ದೂರದಿಂದ ಬಂದಾಂವ ಇಲ್ಲಿನೂ ನಾನs. ಮೊದಲ ವೀಳ್ಯ ಇನ್ನ ಮ್ಯಾಲ ಸೇಠಜಿಗಿ ಕೊಡ್ರಿ."

ಅದರ ಬೆನ್ನಿಗೇ ಅವರು ತೀರಿಕೊಂಡ ಸುದ್ದಿ ಬಂತು. ಆ ಬೇಸಿಗೆಯಲ್ಲಿ ನನ್ನ ಮದುವೆ. ವೀಳ್ಯದ ತಟ್ಟೆಯನ್ನು ಮೊದಲು ಸೇಠರ ಮುಂದೆ ಹಿಡಿದೆ. ಅವರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತುಬಿಟ್ಟರು. ಆಮೇಲೆ ನಮ್ಮ ಓಣಿಯ ಯಾವ ಮದುವೆಯಲ್ಲೂ, ನೀವು ಎಲ್ಲಿಯವರು ಎಂದು ಯಾರೂ ಯಾರನ್ನೂ ಕೇಳಲಿಲ್ಲ.