ಶೆಟ್ಟೆವ್ವನ ಹಿಟ್ಟಿನ ಕೈ

ಬೈಲಹೊಂಗಲದ ಶೆಟ್ಟೆವ್ವನ ಕೈ ಒಣಗಿದ್ದನ್ನು ಅವಳ ಗಂಡ ಕಾಡಪ್ಪ ಕಂಡದ್ದು ಅಪರೂಪ. ನಸುಕಿನಲ್ಲಿ ಜೋಳದ ಹಿಟ್ಟು, ಸಂಜೆಗೆ ಮತ್ತೆ ಜೋಳದ ಹಿಟ್ಟು. ನಡುವಿನ ಹೊತ್ತಿನಲ್ಲಿ ಪಾತ್ರೆಯ ಬೂದಿ, ಬಟ್ಟೆಯ ಸೋಪು, ನೆಲದ ನೀರು. ದೇಗಾಂವದಲ್ಲಿ ಹುಟ್ಟಿ, ಹತ್ತನೆಯ ಇಯತ್ತೆ ಪಾಸಾಗಿ, ಆ ಅಂಕಪಟ್ಟಿಯನ್ನು ಸೀರೆಯ ಮಡಿಕೆಯಲ್ಲಿಟ್ಟುಕೊಂಡು ಈ ಮನೆಗೆ ಸೊಸೆಯಾಗಿ ಬಂದವಳು. ಬಂದ ಮರುದಿನವೇ ಅತ್ತೆ ಅವಳ ಮುಂದೆ ಹಿಟ್ಟು ನಾದುವ ಪರಾತ ಸರಿಸಿದ್ದಳು. ಅಂದಿನಿಂದ ಆ ಪರಾತ ಅವಳ ಮುಂದಿನಿಂದ ಸರಿದಿಲ್ಲ.

ಅತ್ತೆ ಹಾಸಿಗೆ ಹಿಡಿದ ಮೇಲೆ ಔಷಧದ ಖರ್ಚು ಏರಿತು. ಮಾರುಕಟ್ಟೆಯ ದಲ್ಲಾಳಿಯೊಬ್ಬರ ಅಡತಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದ ಕಾಡಪ್ಪನ ಪಗಾರ ಏರಲಿಲ್ಲ. ಆಗ ಶೆಟ್ಟೆವ್ವ ಖಡಕ್ ರೊಟ್ಟಿ ಬಡಿದು ಮಾರತೊಡಗಿದಳು. ಹಾಳೆಯಂತೆ ತೆಳ್ಳಗೆ, ಮುಟ್ಟಿದರೆ ಸದ್ದು ಮಾಡುವ ರೊಟ್ಟಿ. ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ ಬಸ್ಸಿಗೆ ಕೊಟ್ಟರೆ ಧಾರವಾಡ, ಬೆಳಗಾವಿ ಮುಟ್ಟುತ್ತಿತ್ತು. ದೇವಿಯ ಗುಡ್ಡಕ್ಕೆ ಬರುವ ಭಕ್ತರಿಗೆಂದು ಸವದತ್ತಿಯ ಅಂಗಡಿಯವರೂ ಒಯ್ಯುತ್ತಿದ್ದರು. ಓಣಿಯ ಮಾಯವ್ವ ಜೊತೆಗೆ ಬಡಿಯಲು ಬರತೊಡಗಿದಳು. ಆ ದುಡಿಮೆಯಿಂದ ಅತ್ತೆಯ ಕೊನೆಗಾಲ ಸಾಗಿತು, ಮಗಳು ಪೂನಮ್‌ಳ ಓದು ಮುಗಿಯಿತು, ರಾಮದುರ್ಗದಲ್ಲಿ ಅವಳ ಮದುವೆಯೂ ಆಯಿತು. ಇಷ್ಟಾದರೂ ಯಾರಾದರೂ, "ನಿಮ್ಮ ಮನೆಯವರು ಏನ ಮಾಡತಾರ?" ಎಂದು ಕೇಳಿದರೆ ಕಾಡಪ್ಪ ಹೇಳುತ್ತಿದ್ದುದು ಒಂದೇ ಮಾತು: "ಏನಿಲ್ರಿ, ಮನ್ಯಾಗ ಇರ್ತಾಳ."

ಮಗಳ ಮದುವೆಯ ಮೇಲೆ ಉಳಿದದ್ದೆಲ್ಲ ಶೆಟ್ಟೆವ್ವನ ಬ್ಯಾಂಕ್ ಖಾತೆಯಲ್ಲಿ ಬೆಳೆಯುತ್ತಿತ್ತು. ಅದಕ್ಕೊಂದು ಗುರಿಯಿತ್ತು. ಬಸ್ ನಿಲ್ದಾಣದ ಹತ್ತಿರ ಬಾಯವ್ವ ಎಂಬಾಕೆಯ ಒಂದು ಪುಟ್ಟ ಅಂಗಡಿ ಖಾಲಿಯಾಗುವುದರಲ್ಲಿತ್ತು. ಅಲ್ಲಿ ರೊಟ್ಟಿ ಕೇಂದ್ರ ಇಡಬೇಕು. ಮನೆಯ ಒಲೆ ಬೇರೆ, ದುಡಿಮೆಯ ಒಲೆ ಬೇರೆ ಆಗಬೇಕು. ಅಲ್ಲಿ ಬಡಿದ ರೊಟ್ಟಿಯನ್ನು ಯಾರೂ ಮನೆಗೆಲಸ ಎನ್ನಬಾರದು.

ಕಾಡಪ್ಪನಿಗೆ ಶೇರಿನ ಹುಚ್ಚು ಹತ್ತಿದ್ದು ಫೋನು ದೊಡ್ಡದಾದ ಮೇಲೆ. ರವಿವಾರ ಬಂದರೆ ಪಡಸಾಲೆಯಲ್ಲಿ ಬೈಠಕ್. ಕಿತ್ತೂರಿನಿಂದ ನಿವೃತ್ತ ಮಾಸ್ತರ ಬಸವಲಿಂಗ ಬಸ್ಸಿಗೆ ಬರುತ್ತಿದ್ದರು. ಸವದತ್ತಿಯಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ಸುನೀಲ ಬೈಕಿನ ಮೇಲೆ ಬರುತ್ತಿದ್ದ. ಮೂವರೂ ಸೇರಿ ದೇಶದ ಕಂಪನಿಗಳ ಹಣೆಬರಹ ಬರೆಯುತ್ತಿದ್ದರು. ಹಣೆಬರಹ ಬರೆಯುವವರಿಗೆ ಗಿರ್ಮಿಟ್ ಬೇಕು, ಮಿರ್ಚಿ ಬೇಕು, ಚಹಾದ ಮೇಲೆ ಚಹಾ ಬೇಕು. ರವಿವಾರ ಹೀಗಾಗಿ ಶೆಟ್ಟೆವ್ವನಿಗೆ ಎರಡು ಪಾಳಿಯ ದಿನ.

ಹೊಸ ಕಂಪನಿ ಶೇರು ಬಿಟ್ಟಾಗ ಬೇಡುವವರು ಹೆಚ್ಚಾದರೆ ಚೀಟಿ ಎತ್ತಿ ಕೊಡುತ್ತಾರೆ. ಒಬ್ಬರಿಗೆ ಒಂದೇ ಅರ್ಜಿ. ಅದಕ್ಕೇ ಈ ಊರುಗಳ ಗಂಡಸರು ಹೆಂಡತಿಯ ಹೆಸರಲ್ಲೂ ಒಂದು ಖಾತೆ ತೆರೆದು ಅರ್ಜಿ ಹಾಕುತ್ತಾರೆ. ಕಾಡಪ್ಪನ ಅರ್ಜಿಗೆ ಒಮ್ಮೆಯೂ ಶೇರು ಬಂದಿರಲಿಲ್ಲ. ಬಂದದ್ದು ಶೆಟ್ಟೆವ್ವನ ಹೆಸರಿಗೆ. ಕಿತ್ತೂರಿನಲ್ಲೂ ಮಾಸ್ತರರಿಗಲ್ಲ, ಅವರ ಹೆಂಡತಿ ಸೋಮವ್ವನಿಗೆ. ಅದೂ ಒಂದೇ ಕಂಪನಿಯದು. ಇವರು ಅದನ್ನು 'ಲಿಂಕಿನ ಕಂಪನಿ' ಎನ್ನುತ್ತಿದ್ದರು.

"ಅದರ ಧಂದೆ ಏನಪಾ, ಬಿಡಿಸಿ ಹೇಳ," ಎಂದು ಮಾಸ್ತರರು ಮೊದಲ ದಿನ ಕೇಳಿದ್ದರು.

"ಸರ, ನಾ ಫೋನಿನ್ಯಾಗ, ಈ ಕುಕ್ಕರ್ ಚಲೋ ಐತಿ ಅಂತ ಲಿಂಕ್ ಹಾಕತೇನಿ ಅಂತ ತಿಳೀರಿ," ಎಂದು ಸುನೀಲ ವಿವರಿಸಿದ. "ನೀವು ಅದನ್ನ ಒತ್ತಿ ಕುಕ್ಕರ್ ತಗೊಂಡ್ರ ಅಂಗಡಿಯಾಂವ ಕಮಿಷನ್ ಕೊಡ್ತಾನ. ಹಿಂಗ ಲಿಂಕ್ ಹಾಕೂ ಮಂದೀನ್ನ ಅಂಗಡಿಗೋಳಿಗೆ ಜೋಡಸೂದ ಈ ಕಂಪನಿ ಕೆಲಸ. ನಡುವ ಕುಂತು ತನ್ನ ಪಾಲ ತಗೊತೈತಿ."

"ಅಂದ್ರ ದಲ್ಲಾಳಿ ಅನ್ನು."

"ದಲ್ಲಾಳಿ ಅಂತ ಹಗರ ಮಾಡಬ್ಯಾಡ್ರಿ ಸರ," ಎಂದ ಕಾಡಪ್ಪ. "ನಮ್ಮ ಹೊಂಗಲ ಪ್ಯಾಟಿ ನಿಂತದ್ದ ಅವರ ಮ್ಯಾಲ."

ಒಳಗಿನಿಂದ ಶೆಟ್ಟೆವ್ವನ ದನಿ ಕೇಳಿತು. "ಆ ಕುಕ್ಕರಿನ್ಯಾಗ ದಿನಾ ಬೇಯಿಸಾಕಿಗೆ ಎಷ್ಟ ಪಾಲ ಐತ್ರಿ?"

ಮೂವರೂ ನಕ್ಕರು. ಸುನೀಲ, "ವೈನಿ ಭಾರೀ ಜೋಕ್ ಮಾಡ್ತಾರ," ಎಂದ. ಶೆಟ್ಟೆವ್ವ ಜೋಕು ಮಾಡಿರಲಿಲ್ಲ.

ಶೇರು ಕೊಳ್ಳಲಿ, ಮಾರಲಿ, ಶೆಟ್ಟೆವ್ವನ ಫೋನಿಗೆ ಒಂದು ಓಟಿಪಿ ಬರುತ್ತಿತ್ತು. ಫೋನು ಅಡುಗೆಮನೆಯ ಗೋಡೆಯ ಗೂಡಿನಲ್ಲಿರುತ್ತಿತ್ತು, ಅವಳ ಕೈ ಪರಾತದಲ್ಲಿ. "ಏ, ನಂಬರ್ ಬಂತ ನೋಡ," ಎಂದು ಕಾಡಪ್ಪ ಪಡಸಾಲೆಯಿಂದ ಕೂಗಿದರೆ ಅವಳು, "ಕೈ ಹಿಟ್ಟಾಗೈತಿ, ನೀವ ನೋಡ್ಕೋರಿ," ಎನ್ನುತ್ತಿದ್ದಳು. ಅವನು ಬಂದು ನೋಡಿಕೊಂಡು ಹೋಗುತ್ತಿದ್ದ. ಹಂಚಿನ ಮೇಲೆ ರೊಟ್ಟಿ ಇರುವಾಗ ಕೈ ತೊಳೆದು, ಒರೆಸಿ, ಫೋನು ಹಿಡಿದು ಓದಲು ಯಾರಿಗೆ ಪುರಸೊತ್ತು? ಅವಳು ಮಾಡಿದ ತಪ್ಪು ಇದೊಂದೇ.

ಬಾಯವ್ವನ ಅಂಗಡಿ ಖಾಲಿಯಾದ ವಾರ ಶೆಟ್ಟೆವ್ವ ಅಂಗಡಿಗೆ ಮುಂಗಡವಾಗಿ ಇಡಬೇಕಾದ ಅನಾಮತ್ತಿನ ಹಣ ತೆಗೆಯಲು ಬ್ಯಾಂಕಿಗೆ ಹೋದಳು. ಖಾತೆಯಲ್ಲಿ ಹಣವಿರಲಿಲ್ಲ. ತಿಂಗಳ ಹಿಂದೆಯೇ ಅದು ಶೇರಿನ ಖಾತೆಗೆ ಹೋಗಿತ್ತು. ಓಟಿಪಿ ಅವಳ ಫೋನಿಗೇ ಬಂದಿತ್ತು. ತನ್ನ ಬಾಯಿಂದಲೇ, "ನೀವ ನೋಡ್ಕೋರಿ," ಎಂದು ಹೇಳಿದ ಯಾವುದೋ ಒಂದು ಮುಂಜಾನೆ ಅದು ನಡೆದುಹೋಗಿತ್ತು.

ಆ ರವಿವಾರ ಅವಳು ಚಹಾದ ತಾಟು ಹಿಡಿದು ಬೈಠಕ್ಕಿನ ನಡುವೆಯೇ ನಿಂತು ಕೇಳಿದಳು.

"ನನ್ನ ರೊಟ್ಟಿ ರೊಕ್ಕ ಎಲ್ಲೈತ್ರಿ?"

"ಎಲ್ಲಿ ಹೋಕ್ಕೈತಿ? ಲಿಂಕಿನ ಕಂಪನ್ಯಾಗ ಐತಿ. ನಿನ್ನ ಹೆಸರಿಲೇನ ಐತಿ," ಎಂದ ಕಾಡಪ್ಪ, ಫೋನಿನಿಂದ ತಲೆ ಎತ್ತದೆ.

"ಹಂಗಾರ ಮಾರಿ ಕೊಡ್ರಿ. ಬಾಯವ್ವ ಈ ತಿಂಗಳ ತನಕ ಅಷ್ಟ ತಡಿಯಾಕಿ."

"ಮಾರೂದ? ಈಗ ಏರಾಕ ಹತ್ತೈತಿ! ಹೆಸರಷ್ಟ ನಿಂದು, ಬುದ್ಧಿ ನಮ್ಮದು. ಯಾವಾಗ ಮಾರಬೇಕು ಅನ್ನೂದು ನಮಗ ಬಿಡು. ನೀ ರೊಟ್ಟಿ ಬಡಿ ಹೋಗು."

ಬಸವಲಿಂಗ ಮಾಸ್ತರರು ನಗೆ ತಡೆಯಲಾರದೆ ಚಹಾ ಚೆಲ್ಲಿಕೊಂಡರು. ಶೆಟ್ಟೆವ್ವ ಒಳಗಿನಿಂದ ಅರಿವೆ ತಂದು, ಮಂಡಿಯೂರಿ, ಅವರ ಕಾಲುಗಳ ನಡುವಿನ ನೆಲ ಒರೆಸಿದಳು. ಯಾರೂ ಕಾಲು ಎತ್ತಲಿಲ್ಲ. ಅವಳು ಒರೆಸಿದ್ದು ಚಹಾದ ಕಲೆಯನ್ನು ಮಾತ್ರ. ಆ ನಗೆಯನ್ನು ಹಾಗೇ ಇಟ್ಟುಕೊಂಡಳು, ಬೂದಿಯ ಕೆಳಗೆ ಕೆಂಡ ಇಟ್ಟಂತೆ.

ಮಾಸ್ತರರು ಹಿಂದಿರುಗುವಾಗ ಸೋಮವ್ವನಿಗೆಂದು ಒಂದು ಗಂಟು ರೊಟ್ಟಿ ಒಯ್ಯುವುದು ವಾಡಿಕೆ. ರೊಟ್ಟಿ ಮುಟ್ಟಿತೆಂದು ಹೇಳಲು ಸೋಮವ್ವ ಫೋನು ಮಾಡುವುದೂ ವಾಡಿಕೆ. ಈ ಸಲ ಶೆಟ್ಟೆವ್ವ ಕೇಳಿದಳು, "ಅಕ್ಕಾರ, ನಿಮ್ಮ ಫೋನಿಗೂ ನಂಬರ್ ಬರ್ತಾವೇನ್ರಿ?"

"ಬರ್ತಾವ ತಂಗಿ. ಇವರು ನಿಮ್ಮ ಮನ್ಯಾಗ ಕುಂತು ಫೋನ್ ಮಾಡ್ತಾರ, ನಾ ಇಲ್ಲಿಂದ ಓದಿ ಹೇಳೂದು. ಜಳಕದ ಮನ್ಯಾಗಿಂದ ಒದ್ದಿ ಕೈಲೆ ಓಡಿ ಬಂದು ಓದೇನಿ. ನನ್ನ ಹೊಲಿಗಿ ರೊಕ್ಕಾನೂ ಅದರಾಗ ಹಾಕ್ಯಾರಂತ. ಮೊನ್ನೆ ಗೊತ್ತಾತು."

ಆ ದಿನ ಮಾತು ಬಹಳ ಹೊತ್ತು ನಡೆಯಿತು.

ಬುಧವಾರ ಕಾಡಪ್ಪ ಮಾರುಕಟ್ಟೆಗೆ ಹೋದ ಮೇಲೆ ಶೆಟ್ಟೆವ್ವ ಪರಾತವನ್ನು ಮಾಯವ್ವನಿಗೆ ಒಪ್ಪಿಸಿದಳು. ಕೈ ತೊಳೆದಳು. ಉಗುರಿನ ಸಂದಿಯ ಹಿಟ್ಟನ್ನೂ ಕಡ್ಡಿಯಿಂದ ತೆಗೆದಳು. ಆಧಾರ್, ಪ್ಯಾನ್ ಕಾರ್ಡು ತೆಗೆದುಕೊಂಡು ಬಜಾರಿನ ಶೇರು ಆಫೀಸಿಗೆ ಹೋದಳು. ಗಂಡ ಸಹಿ ಮಾಡಿಸಲು ಕರೆದುಕೊಂಡು ಹೋಗಿದ್ದ ದಿನ ಅವಳನ್ನು ಹೊರಗಿನ ಬಾಕಿನ ಮೇಲೆ ಕೂಡಿಸಿದ್ದು ಅಲ್ಲಿಯೇ.

"ಎಲ್ಲಾ ಮಾರಬೇಕ್ರಿ. ನಮ್ಮ ಮನೆಯವರನ್ನ ಕರಕೊಂಡ ಬರಬೇಕೇನು?" ಎಂದು ಮೇಜಿನ ಹಿಂದಿದ್ದ ಹುಡುಗಿ ಉಮಾಶ್ರೀಯನ್ನು ಕೇಳಿದಳು.

"ಅವರು ಯಾಕ ಬೇಕ್ರಿ ಅಕ್ಕಾರ? ಖಾತೆ ನಿಮ್ಮದು, ಫೋನ್ ನಿಮ್ಮದು. ನಂಬರ್ ಬಂದೈತಿ, ಓದ್ರಿ."

ಶೆಟ್ಟೆವ್ವ ಓದಿದಳು. ಅಷ್ಟು ವರ್ಷ ಬಂದ ಸಂಖ್ಯೆಗಳಲ್ಲಿ ಅವಳು ತನಗಾಗಿ ಓದಿದ್ದು ಅದೊಂದನ್ನೇ.

ಹಣ ಖಾತೆಗೆ ಬಿದ್ದೊಡನೆ ಬಾಯವ್ವನಿಗೆ ಅನಾಮತ್ತು ಕೊಟ್ಟು ಅಂಗಡಿಯ ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅಲ್ಲಿಗೆ ಸುಮ್ಮನಾಗಬಹುದಿತ್ತು. ಗಂಡನಿಗೆ ಹೇಳಬಹುದಿತ್ತು. ಅವಳು ಹೇಳಲಿಲ್ಲ. ಆ ನಗೆಗೆ ಅಷ್ಟು ಸಾಲದೆನಿಸಿತು. ಕಾಡಪ್ಪನೂ ಖಾತೆ ತೆರೆದು ನೋಡಲಿಲ್ಲ. ತೆರೆಯಬೇಕಾದರೂ ಅವಳ ಫೋನಿಗೇ ನಂಬರ್ ಬರಬೇಕು. ಟಿವಿಯಲ್ಲಿ ದರ ಏರುವುದನ್ನು ನೋಡಿ ಮೀಸೆ ನೀವಿಕೊಂಡರಷ್ಟೇ ಸಾಕಾಗಿತ್ತು ಅವನಿಗೆ.

ಶನಿವಾರ ಸುದ್ದಿ ಬಂತು. ಆ ಕಂಪನಿಗೆ ಹೆಚ್ಚಿನ ಕಮಿಷನ್ ಕೊಡುತ್ತಿದ್ದ ದೊಡ್ಡ ಅಂಗಡಿಯೊಂದು, ಇನ್ನು ನಡುವಿನವರು ನಮಗೆ ಬೇಡ ಎಂದಿತ್ತು. ರವಿವಾರದ ಬೈಠಕ್ಕಿನಲ್ಲಿ ಗಿರ್ಮಿಟ್ ಯಾರೂ ಮುಟ್ಟಲಿಲ್ಲ. ಸೋಮವಾರ ಪೇಟೆ ತೆರೆದ ಕೂಡಲೇ ಮಾರುವುದೆಂದು ತೀರ್ಮಾನವಾಯಿತು. ಅಂದು ಸಂಜೆ ಶೆಟ್ಟೆವ್ವ ಕಿತ್ತೂರಿಗೆ ಫೋನು ಮಾಡಿ, "ಅಕ್ಕಾರ, ನಾಳೆ ನಂಬರ್ ಹೇಳಿ ನಿಮ್ಮದು ಮಾರಾಕ ಬಿಟ್ಟುಬಿಡ್ರಿ, ನಿಮ್ಮ ಹೊಲಿಗಿ ರೊಕ್ಕ ಉಳೀತೈತಿ," ಎಂದಳು.

"ನನ್ನದು ಹೋಗಲಿ ಬಿಡು ತಂಗಿ," ಎಂದಳು ಸೋಮವ್ವ ತಣ್ಣಗೆ. "ಅವರ ಪಿಂಚಣಿ ರೊಕ್ಕ ಅದರಾಗ ನನ್ನದಕಿಂತ ಭಾಳ ಐತಿ."

ಇಷ್ಟು ಕಟುವಾದ ಲೆಕ್ಕವನ್ನು ಶೆಟ್ಟೆವ್ವನೂ ಹಾಕಿರಲಿಲ್ಲ.

ಸೋಮವಾರ ಒಂಬತ್ತಕ್ಕೇ ಮೂವರೂ ಪಡಸಾಲೆಯಲ್ಲಿದ್ದರು. ಪೇಟೆ ತೆರೆಯಿತು.

"ಬಿತ್ತು! ಲಗೂನ ಹಾಕ್ರಿ ಅಣ್ಣಾರ," ಎಂದು ಸುನೀಲ ಕೂಗಿದ. "ಇನ್ನೊಂದೀಟು ಇಳಿದ್ರ ಲಾಕ್ ಆಕ್ಕೈತಿ, ಕೊಳ್ಳಾವ ಒಬ್ಬನೂ ಸಿಗೂದಿಲ್ಲ!"

"ಏ, ನಂಬರ್ ಬಂದೈತಿ, ಹೇಳ!"

"ಕೈ ಹಿಟ್ಟಾಗೈತ್ರಿ."

ಕಾಡಪ್ಪ ಒಳಗೆ ಓಡಿದ. ಗೂಡು ಖಾಲಿಯಿತ್ತು.

"ಫೋನ್ ಎಲ್ಲೈತಿ?"

"ಇಲ್ಲೇ ಎಲ್ಲ್ಯೋ ಇಟ್ಟೇನಿ. ರೊಟ್ಟಿ ಸುಡಾಕ ಹತ್ತೈತಿ, ತಡೀರಿ."

ಅವನು ಡಬ್ಬಿಗಳ ಹಿಂದೆ ತಡಕಿದ, ಬೇಳೆ ಚೆಲ್ಲಿದ, ಹಿಟ್ಟಿನ ಚೀಲದಲ್ಲಿ ಕೈ ಹಾಕಿದ. ತನ್ನ ಅಡುಗೆಮನೆಯಲ್ಲಿ ಯಾವ ಸಾಮಾನು ಎಲ್ಲಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ಎದುರಿಗೆ ಕೂತಿದ್ದ ಮಾಯವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಫೋನು ಇದ್ದದ್ದು ಶೆಟ್ಟೆವ್ವ ಕೂತಿದ್ದ ಮಣೆಯ ಕೆಳಗೆ. ಅದು ನಡುಗಿದಾಗಲೆಲ್ಲ ಅವಳಿಗೆ ಒಳಗೊಳಗೇ ಹಾಯೆನಿಸುತ್ತಿತ್ತು.

"ಎದ್ದ ಕೈ ತೊಳಿ ಅಂದ್ರ! ಮನಿ ಮುಳುಗಾಕ ಹತ್ತೈತಿ!"

"ನನಗೇನ ತಿಳೀತೈತ್ರಿ? ಬುದ್ಧಿ ನಿಮ್ಮದು. ನೀವ ಅಂದಿದ್ರಲ್ಲ, ರೊಟ್ಟಿ ಬಡಿ ಅಂತ. ಬಡಿಯಾಕ ಹತ್ತೇನಿ."

ಅವಳು ಬಡಿದಳು. ಅಂದು ಪರಾತದ ಸದ್ದು ಪಡಸಾಲೆಯವರೆಗೂ ಕೇಳಿಸಿತು.

ಹೊರಗೆ ಮಾಸ್ತರರು ಸೋಮವ್ವನಿಗೆ ಫೋನು ಹಚ್ಚಿದ್ದರು. ಕಿವಿ ಮಂದವಾದ್ದರಿಂದ ಅವರ ಫೋನಿನ ಮಾತು ಎಲ್ಲರಿಗೂ ಕೇಳಿಸುತ್ತಿತ್ತು.

"ನಂಬರ್ ಬಂದೈತೆಲ್ಲ, ಓದ!"

ಕಿತ್ತೂರಿನಿಂದ ಸೋಮವ್ವನ ದನಿ ನಿಧಾನವಾಗಿ ಬಂತು. "ಕೈ ಹಿಟ್ಟಾಗೈತ್ರಿ."

"ನಮ್ಮ ಮನ್ಯಾಗ ಇಷ್ಟೊತ್ತನ್ಯಾಗ ಎಂಥಾ ಹಿಟ್ಟು?"

"ನಿಮಗ ಹೆಂಗ ಗೊತ್ತಾಗಬೇಕ್ರಿ? ಒಂದಿನಾರ ಒಳಗ ಬಂದು ನೋಡೀರೇನು?"

ಫೋನು ಕಟ್ಟಾಯಿತು. ಸುನೀಲ ತನ್ನ ಪರದೆ ನೋಡಿ ಗೋಡೆಗೆ ಒರಗಿದ. "ಲಾಕ್ ಆತು," ಎಂದ. ಮಾಸ್ತರರು ಕೂತಲ್ಲೇ ಕುಸಿದರು. ಕಾಡಪ್ಪ ಅಡುಗೆಮನೆಯ ಹೊಸ್ತಿಲಲ್ಲಿ ತಲೆಯ ಮೇಲೆ ಕೈಹೊತ್ತು ನಿಂತ.

ಆಗ ಶೆಟ್ಟೆವ್ವ ಎದ್ದಳು. ಅವಸರವಿಲ್ಲದೆ ಕೈ ತೊಳೆದು ಒರೆಸಿಕೊಂಡಳು. ಮಣೆಯ ಕೆಳಗಿಂದ ಫೋನು ತೆಗೆದು ನಂಬರ್ ಓದಿದಳು. ಕಾಡಪ್ಪ ಖಾತೆ ತೆರೆದ. ಒಂದು ಶೇರೂ ಇರಲಿಲ್ಲ.

"ಖಾಲಿ ಐತಿ!"

"ಬುಧವಾರ ಮಾರೇನಿ."

ಕಾಡಪ್ಪನ ಮುಖ ಒಮ್ಮೆಲೇ ಅರಳಿತು. "ಸರ, ನೋಡ್ರಿ! ನಮ್ಮಾಕಿ ಏರಿದಾಗ ಮಾರ್ಯಾಳ! ನನ್ನ ಜೋಡಿ ಇದ್ದು ಕಲತಾಳ!" ಎಂದು ಹೊರಗೆ ಕೂಗಿ, ಅವಳತ್ತ ತಿರುಗಿದ. "ರೊಕ್ಕ ಎಲ್ಲೈತಿ? ಸುನೀಲ ಇನ್ನೊಂದ ಶೇರ್ ಹೇಳ್ಯಾನ."

ಅವಳು ಸೊಂಟದ ಕೀಲಿಕೈ ತೆಗೆದು ಅವನ ಮುಂದೆ ಹಿಡಿದಳು. "ಬಾಯವ್ವನ ಅಂಗಡಿ."

"ಅದರಾಗ ನಂದೂ ರೊಕ್ಕ ಇತ್ತಲ್ಲ!"

"ಹೆಸರ ಯಾರದಿತ್ರಿ?"

ಮಾಯವ್ವ ಹಂಚು ಎತ್ತಿಕೊಂಡಳು. ಶೆಟ್ಟೆವ್ವ ಸ್ಟವ್ ಎತ್ತಿಕೊಂಡಳು. ಹೊರಗೆ ಕರೆಸಿದ್ದ ರಿಕ್ಷಾ ಹತ್ತುವ ಮುನ್ನ ಪಡಸಾಲೆಯ ಕಡೆ ತಿರುಗಿ, "ಇನ್ನ ಮ್ಯಾಲೆ ಚಾ ಬೇಕಂದ್ರ ಅಂಗಡಿಗೆ ಬರ್ರಿ. ರೊಕ್ಕ ಕೊಟ್ಟ ಕುಡೀರಿ. ಕಾಲ ಎತ್ತಿದ್ರ ನೆಲಾನೂ ಒರಸ್ತೇವಿ," ಎಂದಳು.

ಮಧ್ಯಾಹ್ನ ದಾಟಿದ ಮೇಲೆ ರೊಟ್ಟಿ ಸುತ್ತುವ ಬಿಳಿ ಬಟ್ಟೆ ಮರೆತಿದ್ದು ನೆನಪಾಗಿ ಅವಳು ಮನೆಗೆ ಬಂದಳು. ಗೆಳೆಯರು ಹೋಗಿದ್ದರು. ಕಾಡಪ್ಪ ಹಸಿದು, ಮನೆಯಲ್ಲಿ ಉಳಿದಿದ್ದ ಹಳೆಯ ಪರಾತದಲ್ಲಿ ಹಿಟ್ಟು ಕಲಸುತ್ತಿದ್ದ. ನೀರು ಹೆಚ್ಚಾಗಿ ಹಿಟ್ಟು ಮೊಣಕೈವರೆಗೆ ಅಂಟಿತ್ತು. ಗೂಡಿನಲ್ಲಿದ್ದ ಅವನ ಫೋನು ಟಿಣ್ ಎಂದಿತು.

"ಏ, ಅದೇನ ಬಂದೈತಿ ನೋಡ," ಎಂದ ಅವನು ಅಭ್ಯಾಸಬಲದಿಂದ. "ಕೈ ಹಿಟ್ಟಾಗೈತಿ."

ಶೆಟ್ಟೆವ್ವ ಫೋನು ಕೈಗೆತ್ತಿಕೊಂಡಳು.

"ಲಾಕ್ ಐತಿ. ನಂಬರ್ ಹೇಳ್ರಿ, ನಾನ ನೋಡ್ಕೋತೇನಿ."

ಕಾಡಪ್ಪ ಬೆಚ್ಚಿದ. ಪರಾತ ಬಿಟ್ಟು ಎದ್ದು ಬಂದು, ಹಿಟ್ಟಿನ ಕೈಯಲ್ಲೇ ಫೋನು ಕಸಿದುಕೊಂಡ. ಪರದೆಯ ತುಂಬ ಹಿಟ್ಟು ಮೆತ್ತಿಕೊಂಡಿತು. ಅಂಗಿಯಿಂದ ಒರೆಸಿದಷ್ಟೂ ಹರಡಿತು. ಏನು ಬಂದಿತ್ತೋ ಕಾಣಿಸಲಿಲ್ಲ.

ಶೆಟ್ಟೆವ್ವ ಬಿಳಿ ಬಟ್ಟೆ ಕೊಡವಿ ಹೆಗಲಿಗೆ ಹಾಕಿಕೊಂಡು ಅಂಗಡಿಯ ಕಡೆ ನಡೆದಳು. ಅಷ್ಟು ದಿನ ಬೂದಿಯ ಕೆಳಗಿಟ್ಟಿದ್ದ ನಗೆಯನ್ನು ಅವಳು ಓಣಿಯ ತಿರುವಿನವರೆಗೂ ಜೋರಾಗಿ, ತಡೆಯಿಲ್ಲದೆ ನಕ್ಕಳು.